ನಿಸಾರ್ ಉಪಗ್ರಹವನ್ನು ಮನೆಯ ತಾರಸಿಯಿಂದ ಹಿಂಬಾಲಿಸುವುದು ಹೇಗೆ

ಉಪಗ್ರಹ ನೋಡಬೇಕು ಅಂತ ತಾರಸಿ ಹತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅದು ಎಷ್ಟು ಗಂಟೆಯ ಉಪಗ್ರಹ?

ನಮ್ಮ ಪಿಯು ಕಾಲೇಜಿನ ಮಕ್ಕಳಿಗೆ ಹೀಗೆ ಹೇಳಿದರೆ ಮೊದಲು ನಗುತ್ತಾರೆ. "ಅದು ದಿನಕ್ಕೆ ಹದಿನಾಲ್ಕು ಸಲ ಭೂಮಿ ಸುತ್ತುತ್ತೆ ಮಿಸ್, ಅದಕ್ಕೆಂಥ ಗಂಟೆ?" ಸುತ್ತುವುದು ನಿಜ. ಆದರೆ ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಹೆಚ್ಚಿನವನ್ನು ಸೂರ್ಯ ಸಮಕಾಲಿಕ ಕಕ್ಷೆಯಲ್ಲಿ ಇಟ್ಟಿರುತ್ತಾರೆ. ಅಂಥ ಉಪಗ್ರಹ ಯಾವ ಊರಿನ ನೆತ್ತಿಯ ಮೇಲೆ ಹಾದರೂ ಆ ಊರಿನ ಸೂರ್ಯನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಾಗಿರುತ್ತದೆ. ವೇಳಾಪಟ್ಟಿ ತಪ್ಪದ ಸರ್ಕಾರಿ ಬಸ್ಸು ಅಂತಿಟ್ಟುಕೊಳ್ಳಿ, ಅಂಥದೊಂದು ಇದ್ದರೆ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2, ನಮ್ಮ ರಿಸೋರ್ಸ್‌ಸ್ಯಾಟ್ ಇವೆಲ್ಲ ಬೆಳಗ್ಗೆ ಹತ್ತು, ಹತ್ತೂವರೆಯ ಗಾಡಿಗಳು. ಅವಕ್ಕೆ ಬಿಸಿಲು ಬೇಕು, ನೆರಳೂ ಒಂದೇ ಅಳತೆಯಲ್ಲಿ ಬೀಳಬೇಕು. ಇವತ್ತಿನ ಚಿತ್ರವನ್ನು ಹೋದ ವರ್ಷದ್ದರ ಪಕ್ಕ ಇಟ್ಟು ನೋಡುವುದಕ್ಕೆ ಅದೇ ಆಧಾರ.

ನಮ್ಮಂಥವರಿಗೆ ಇದರಿಂದ ಒಂದು ತೊಂದರೆ ಇದೆ. ಹತ್ತೂವರೆಯ ಉಪಗ್ರಹ ಬೆಳಗ್ಗೆ ಬರುತ್ತದೆ, ಮತ್ತೆ ರಾತ್ರಿ ಹತ್ತೂವರೆಗೆ ಬರುತ್ತದೆ. ಬೆಳಗ್ಗೆ ಆಕಾಶದ ಬೆಳಕಿನಲ್ಲಿ ಕಾಣುವುದಿಲ್ಲ. ರಾತ್ರಿ ಅದು ಭೂಮಿಯ ನೆರಳಿನೊಳಗೆ ಹುದುಗಿರುತ್ತದೆ. ಕರ್ನಾಟಕದ ಅಕ್ಷಾಂಶದಲ್ಲಿ ನಿಂತು ಬೈನಾಕ್ಯುಲರ್ ಹಿಡಿದು ಅದನ್ನು ಹುಡುಕುವುದು ಸುಮ್ಮನೆ ಕತ್ತು ನೋವು.

ಆದ್ದರಿಂದ ಆರು ಗಂಟೆಯ ಉಪಗ್ರಹವನ್ನು ಆರಿಸಿಕೊಳ್ಳಿ. ರಾಡಾರ್ ಹೊತ್ತ ಉಪಗ್ರಹಗಳಿಗೆ ಬಿಸಿಲಿನ ಹಂಗಿಲ್ಲ; ಮೋಡ, ಕತ್ತಲು ಎರಡನ್ನೂ ತೂರಿ ನೋಡುತ್ತವೆ. ಅವಕ್ಕೆ ಬೇಕಾದ್ದು ಕರೆಂಟು. ಹಗಲೂ ರಾತ್ರಿಯೂ ಕೂಡುವ ಗೆರೆಯ ಮೇಲೇ ಸುತ್ತುತ್ತಿದ್ದರೆ ಸೌರಫಲಕಕ್ಕೆ ವರ್ಷದ ಬಹುಪಾಲು ಎಡೆಬಿಡದೆ ಬಿಸಿಲು ಸಿಗುತ್ತದೆ. ಇಸ್ರೋದ ಇಒಎಸ್-04, ಯುರೋಪಿನ ಸೆಂಟಿನೆಲ್-1, ಮತ್ತು ಇಸ್ರೋ-ನಾಸಾ ಜೊತೆಯಾಗಿ ಕಟ್ಟಿದ ನಿಸಾರ್ ಇವು ಮೂರೂ ಆರರ ಉಪಗ್ರಹಗಳೇ. ನಾನು ನಿಸಾರ್ ಹಿಡಿದುಕೊಂಡಿದ್ದೇನೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಜೋಡಣೆಯಾಗಿ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16 ಹೊತ್ತೊಯ್ದದ್ದು. ಜಿಎಸ್‌ಎಲ್‌ವಿ ರಾಕೆಟ್ ಸೂರ್ಯ ಸಮಕಾಲಿಕ ಕಕ್ಷೆಗೆ ಹೋದದ್ದು ಅದೇ ಮೊದಲ ಸಲ. ತೂಕ ಸುಮಾರು 2.4 ಟನ್. 9 ಮೀಟರ್ ಉದ್ದದ ತೋಳಿನ ತುದಿಯಲ್ಲಿ 12 ಮೀಟರ್ ಅಗಲದ ಬಲೆಯಂಥ ಆಂಟೆನಾ ಇದೆ. ಅದನ್ನು ಆಕಾಶದಲ್ಲೇ ಬಿಚ್ಚಿದ್ದು ಅದೇ ವರ್ಷ ಆಗಸ್ಟ್ 15ಕ್ಕೆ.

ನಿಮ್ಮೂರಿನ ಗಳಿಗೆ

ಆರು ಗಂಟೆ ಎಂದರೆ ನಿಮ್ಮ ಗೋಡೆ ಗಡಿಯಾರದ ಆರಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು. ನಮ್ಮೂರು ಚಳ್ಳಕೆರೆ ಇರುವುದು 76.65ರಲ್ಲಿ. ವ್ಯತ್ಯಾಸ 5.85 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷದಂತೆ 23 ನಿಮಿಷ. ನಮ್ಮ ಸೂರ್ಯ ಗಡಿಯಾರಕ್ಕಿಂತ ಅಷ್ಟು ಹಿಂದೆ.

ಇನ್ನೊಂದು ಚಿಕ್ಕ ತಿದ್ದುಪಡಿ ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಸಂಜೆ ಆರು ಎನ್ನುವುದು ಉಪಗ್ರಹ ಸಮಭಾಜಕ ವೃತ್ತವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಹೊತ್ತು. ಸಮಭಾಜಕಕ್ಕೆ ಕಕ್ಷೆಯ ಓರೆ 98.4 ಡಿಗ್ರಿ, ಅಂದರೆ ನೆಟ್ಟಗೆ ಉತ್ತರಕ್ಕೆ ಹೋಗದೆ ತುಸು ಪಶ್ಚಿಮಕ್ಕೆ ವಾಲಿಕೊಂಡೇ ಏರುತ್ತದೆ. ನಮ್ಮ 14 ಡಿಗ್ರಿ ಅಕ್ಷಾಂಶಕ್ಕೆ ಬರುವಷ್ಟರಲ್ಲಿ ಎರಡು ಡಿಗ್ರಿ ಪಶ್ಚಿಮಕ್ಕೆ ಸರಿದಿರುತ್ತದೆ. ಪಶ್ಚಿಮದಲ್ಲಿ ಹೊತ್ತು ಹಿಂದೆ ಇರುವುದರಿಂದ ಸ್ಥಳೀಯ ಸಮಯ ಆರಕ್ಕೆ ಎಂಟು ನಿಮಿಷ ಕಡಿಮೆ ಆಗುತ್ತದೆ. 5:52ಕ್ಕೆ 23 ನಿಮಿಷ ಕೂಡಿ: ಚಳ್ಳಕೆರೆಯ ನೆತ್ತಿಯ ಮೇಲೆ ಹಾಯುವ ಸಂಜೆ ಅದು ಆರೂಕಾಲರ ಆಸುಪಾಸು ಹಾಯಬೇಕು. ಬೆಂಗಳೂರಿನವರಿಗೆ ಮೂರು ನಾಲ್ಕು ನಿಮಿಷ ಮೊದಲು, ಮಂಗಳೂರಿನವರಿಗೆ ಏಳೆಂಟು ನಿಮಿಷ ತಡ.

ಬೆಳಗ್ಗೆ ಉಲ್ಟಾ. ಆಗ ಉತ್ತರದಿಂದ ಇಳಿಯುತ್ತಿರುತ್ತದೆ, ಸಮಭಾಜಕ ಇನ್ನೂ ಮುಂದಿರುತ್ತದೆ. ಎಂಟು ನಿಮಿಷ ಕಳೆಯುವ ಬದಲು ಕೂಡಬೇಕು. ನಮಗೆ 6:31ರ ಸುಮಾರು.

ಈ ಲೆಕ್ಕ ಯಾವ ಆ್ಯಪ್ ಇಲ್ಲದೆ, ಒಂದು ಚೀಟಿಯ ಹಿಂಬದಿಯಲ್ಲಿ ಆಗುವಂಥದ್ದು. ಆಮೇಲೆ ನೆತ್ತಿಯ ಮೇಲೆ ಹಾಯುವ ದಿನಕ್ಕೆ ಆ್ಯಪ್ ತೋರಿಸುವ ಸಮಯ ಇದರ ಹತ್ತಿರ ಇಲ್ಲದಿದ್ದರೆ ಆ್ಯಪ್‌ನಲ್ಲಿ ಊರು ತಪ್ಪಿದೆ, ಇಲ್ಲವೇ ಬೇರೆ ಉಪಗ್ರಹ ಆರಿಸಿದ್ದೀರಿ ಅಂತ ತಿಳಿಯಿರಿ.

ಹೊತ್ತು ಹೀಗೆ ವರ್ಷವಿಡೀ ನಿಲ್ಲುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಭೂಮಿ ಚೆಂಡಿನಂತೆ ದುಂಡಗಿದ್ದಿದ್ದರೆ ನಿಲ್ಲುತ್ತಿರಲಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6378 ಕಿ.ಮೀ., ಧ್ರುವದಲ್ಲಿ 6357. ಸೊಂಟದ ಈ 21 ಕಿ.ಮೀ. ಉಬ್ಬಿನ ಸೆಳೆತ ಕಕ್ಷೆಯ ಸಮತಲವನ್ನೇ ಮೆಲ್ಲಗೆ ಪೂರ್ವಕ್ಕೆ ತಿರುಗಿಸುತ್ತಿರುತ್ತದೆ. ಎತ್ತರ ಸುಮಾರು 747 ಕಿ.ಮೀ., ಓರೆ 98.4 ಅಂತ ಇಟ್ಟರೆ ಆ ತಿರುಗು ದಿನಕ್ಕೆ 0.9856 ಡಿಗ್ರಿ ಬರುತ್ತದೆ. ವರ್ಷಕ್ಕೆ ಸರಿಯಾಗಿ ಒಂದು ಸುತ್ತು. ಭೂಮಿ ಸೂರ್ಯನನ್ನು ಸುತ್ತುವ ವೇಗವೂ ಅದೇ. ಇಂಧನ ಸುಡದೆ ಸಿಕ್ಕಿದ ಉಪಕಾರ ಇದು.

ಎರಡು ಸಾಲಿನ ಜಾತಕ

ಈಗ ನಿಖರ ಸಮಯ. ಉಪಗ್ರಹಗಳ ಕಕ್ಷೆಯ ವಿವರ ಟಿಎಲ್‌ಇ ಎಂಬ ಎರಡು ಸಾಲಿನ ಅಂಕಿಗಳಲ್ಲಿ ಸಿಗುತ್ತದೆ. ಅಮೆರಿಕದ ಬಾಹ್ಯಾಕಾಶ ಪಡೆಯ ರಾಡಾರ್‌ಗಳು ಅಳೆದು ಕೊಡುವ ಈ ಅಂಕಿಗಳು ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಪುಕ್ಕಟೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್, ಉಪಗ್ರಹದ ಜೊತೆ ಮಾತಾಡುತ್ತಾ ತನ್ನದೇ ಲೆಕ್ಕ ಇಟ್ಟುಕೊಂಡಿರುತ್ತದೆ. ಬೈನಾಕ್ಯುಲರ್ ಕೆಲಸಕ್ಕೆ ನಮಗೆ ಅಷ್ಟು ನಿಖರತೆ ಬೇಕಿಲ್ಲ.

ಹೆಸರು ಕೊಟ್ಟು ಹುಡುಕಿ, ಸಾಲುಗಳನ್ನು ತೆರೆದು ಕಣ್ಣಾಡಿಸಿ. ಮಕ್ಕಳು ನೇರ ಆ್ಯಪ್‌ಗೆ ಹೋಗಿಬಿಡುತ್ತಾರೆ, ನಾನು ಬಿಡುವುದಿಲ್ಲ. ಮೊದಲ ಸಾಲಿನಲ್ಲಿ ತಾರೀಕು ಇರುತ್ತದೆ: 25325.5 ಅಂತಿದ್ದರೆ 2025ರ 325ನೇ ದಿನ, ನವೆಂಬರ್ 21; ಪಾಯಿಂಟ್ ಐದು ಅಂದರೆ ಗ್ರೀನ್‌ವಿಚ್ ಮಧ್ಯಾಹ್ನ, ನಮಗೆ ಸಂಜೆ ಐದೂವರೆ. ಈ ತಾರೀಕು ಮೂರ್ನಾಲ್ಕು ದಿನಕ್ಕಿಂತ ಹಳೆಯದಾದರೆ ಹೊಸದು ಇಳಿಸಿಕೊಳ್ಳಿ.

ಎರಡನೇ ಸಾಲಿನಲ್ಲಿ ಸಾಲಿನ ನಂಬರು, ಉಪಗ್ರಹದ ನಂಬರು ಬಿಟ್ಟು ಮೂರನೆಯದು ಓರೆ, 98.4. ನಾಲ್ಕನೆಯದು ಉಪಗ್ರಹ ಸಮಭಾಜಕ ದಾಟಿ ಮೇಲೇರುವ ಜಾಗವನ್ನು ನಕ್ಷತ್ರಗಳ ಲೆಕ್ಕದಲ್ಲಿ ಹೇಳುವ ಕೋನ. ಪುಸ್ತಕದಲ್ಲಿ ಆರೋಹಣ ಪಾತ ಎಂದಿರುತ್ತದೆ. ಸಂಜೆ ಆರರ ಉಪಗ್ರಹಕ್ಕೆ ಇದು ಸೂರ್ಯನಿಗಿಂತ 90 ಡಿಗ್ರಿ ಮುಂದಿರಬೇಕು. ಮಾರ್ಚ್ 21ಕ್ಕೆ 90, ಅಲ್ಲಿಂದ ದಿನಕ್ಕೊಂದು ಡಿಗ್ರಿಗೆ ತುಸು ಕಡಿಮೆ ಏರುತ್ತಾ ನವೆಂಬರ್ 21ಕ್ಕೆ 330ರ ಆಸುಪಾಸು. ನಿಮ್ಮ ಕೈಯಲ್ಲಿರುವ ಅಂಕಿ ಇವತ್ತಿನ ತಾರೀಕಿಗೆ ಹೊಂದಿದರೆ ಅದು ಆರರ ಗಾಡಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಲ್ಯಾಂಡ್‌ಸ್ಯಾಟ್‌ನ ಸಾಲನ್ನೂ ಪಕ್ಕದಲ್ಲಿಟ್ಟು ನೋಡಿ, ಓರೆ ಹೆಚ್ಚುಕಡಿಮೆ ಅದೇ, ಈ ಕೋನ ಮಾತ್ರ ಎಲ್ಲೋ ದೂರ.

ಕೊನೆಯದು ದಿನಕ್ಕೆ ಎಷ್ಟು ಸುತ್ತು ಎಂಬುದು. ನಿಸಾರ್‌ಗೆ 14.4 ಚಿಲ್ಲರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಕಿ ಇದು, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ.

ಐದು, ಏಳು, ಹನ್ನೆರಡು

ನಿಸಾರ್ 12 ದಿನದಲ್ಲಿ ಸರಿಯಾಗಿ 173 ಸುತ್ತು ಹಾಕಿ ಹಳೆಯ ಹಾದಿಗೇ ಬರುತ್ತದೆ. ಹಳೆಯ ಹಾದಿ ಅಂದರೆ ಅಂದಾಜಲ್ಲ. ಆಗಾಗ ಪುಟ್ಟ ಎಂಜಿನ್ ಉರಿಸಿ ಕೆಲವು ನೂರು ಮೀಟರ್ ಒಳಗೆ ಹಿಡಿದಿಡುತ್ತಾರೆ. ಎರಡು ರಾಡಾರ್ ಚಿತ್ರಗಳನ್ನು ಹೋಲಿಸಿ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಕುಸಿದದ್ದು, ಉಬ್ಬಿದ್ದು ಹೇಳಬೇಕಾದರೆ ಎರಡನ್ನೂ ಒಂದೇ ಜಾಗದಿಂದ ತೆಗೆದಿರಬೇಕಲ್ಲ.

12 ದಿನದ ನಿಮಿಷಗಳನ್ನು 173ರಿಂದ ಭಾಗಿಸಿದರೆ ಒಂದು ಸುತ್ತಿಗೆ 99.88 ನಿಮಿಷ. 14 ಸುತ್ತಿಗೆ 23 ಗಂಟೆ 18 ನಿಮಿಷ. 15 ಸುತ್ತಿಗೆ 24 ಗಂಟೆ 58 ನಿಮಿಷ. ಆದ್ದರಿಂದ ಇವತ್ತು ಕಂಡ ಉಪಗ್ರಹ ನಾಳೆ ಒಂದೋ 42 ನಿಮಿಷ ಮೊದಲು ಬರುತ್ತದೆ, ಇಲ್ಲ 58 ನಿಮಿಷ ತಡ. ನಿನ್ನೆ ಇದೇ ಹೊತ್ತಿಗೆ ಕಂಡಿತ್ತು ಅಂತ ನೆಂಟರನ್ನು ಕರೆದುಕೊಂಡು ತಾರಸಿಗೆ ಹೋದವರು ಪೆಚ್ಚಾಗುವುದು ಇಲ್ಲೇ.

ಇನ್ನೂ ಸ್ವಲ್ಪ ಗುಣಿಸಿ. 72 ಸುತ್ತು ಎಂದರೆ ಐದು ದಿನಕ್ಕೆ 8 ನಿಮಿಷ ಕಡಿಮೆ. 101 ಸುತ್ತು ಎಂದರೆ ಏಳು ದಿನಕ್ಕೆ 8 ನಿಮಿಷ ಹೆಚ್ಚು. ಇವತ್ತು 6:32ಕ್ಕೆ ಒಳ್ಳೆಯ ಪಾಸ್ (ಉಪಗ್ರಹ ನಮ್ಮ ಆಕಾಶವನ್ನು ಒಂದು ಸಲ ಹಾಯುವುದು) ಸಿಕ್ಕಿದರೆ ಐದು ದಿನ ಬಿಟ್ಟು 6:24ಕ್ಕೆ ಹೋಗಿ, ಹಾದಿ ಎರಡು ಡಿಗ್ರಿ ಪೂರ್ವಕ್ಕೆ ಸರಿದಿರುತ್ತದೆ. ಏಳು ದಿನ ಬಿಟ್ಟು 6:40ಕ್ಕೆ ಹೋದರೆ ಅಷ್ಟೇ ಪಶ್ಚಿಮಕ್ಕೆ. ಎರಡು ಡಿಗ್ರಿ ಎಂದರೆ ನಮ್ಮಲ್ಲಿ ಸುಮಾರು 225 ಕಿ.ಮೀ. ಹನ್ನೆರಡನೇ ದಿನ ಅದೇ ನಿಮಿಷ, ಅದೇ ಹಾದಿ. ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿದರೆ ಉಳಿದವು ತಾವಾಗಿ ಬೀಳುತ್ತವೆ. ನಮ್ಮ ಮನೆಯ ಗೋಡೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಗ್ಯಾಸ್ ಬುಕ್ ಮಾಡಿದ ದಿನದ ಜೊತೆ ನಿಸಾರ್‌ಗೂ ಒಂದು ಬಣ್ಣದ ಪೆನ್ ಇದೆ.

ಬೇರೆ ಉಪಗ್ರಹ ಹಿಡಿಯುವವರಿಗೂ ದಾರಿ ಇದೇ, ಅಂಕಿ ಬೇರೆ. ಸೆಂಟಿನೆಲ್-1 ಕೂಡ 12 ದಿನದ್ದು, ಆದರೆ 175 ಸುತ್ತು.

ಯಾವ ತಿಂಗಳು

ಆಕಾಶ ಕತ್ತಲಾಗಿರಬೇಕು, ಉಪಗ್ರಹದ ಮೇಲೆ ಬಿಸಿಲಿರಬೇಕು. ಎರಡನೆಯದರ ಚಿಂತೆ ನಿಸಾರ್‌ಗೆ ಇಲ್ಲ, ನಮ್ಮ ಮೇಲಿರುವಾಗ ಅದು ಸದಾ ಬಿಸಿಲಿನಲ್ಲೇ. ಕತ್ತಲೆಯದೇ ಕಷ್ಟ. ಜುಲೈನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು. ಆರೂಕಾಲರ ಉಪಗ್ರಹ ಹಾಡುಹಗಲಲ್ಲಿ ಹೋಗಿಬಿಟ್ಟಿರುತ್ತದೆ. ಹೇಗೂ ಮೋಡ, ಬಿಡಿ.

ನಮಗೆ ಹೇಳಿ ಮಾಡಿಸಿದ್ದು ನವೆಂಬರ್. ವರ್ಷದಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ಡಿಸೆಂಬರ್ 21ಕ್ಕೆ ಅಂತ ಹೆಚ್ಚಿನವರು ನಂಬಿದ್ದಾರೆ, ಅದು ಹಗಲು ಚಿಕ್ಕದಾದ ದಿನ ಅಷ್ಟೇ. ಭೂಮಿಯ ಕಕ್ಷೆ ಅಂಡಾಕಾರ, ಅಕ್ಷ ವಾಲಿದೆ. ಇವೆರಡರ ದೆಸೆಯಿಂದ ನವೆಂಬರಿನಲ್ಲಿ ನಿಜ ಸೂರ್ಯ ಗಡಿಯಾರಕ್ಕಿಂತ ಕಾಲು ಗಂಟೆ ಮುಂದೆ ಓಡುತ್ತಿರುತ್ತಾನೆ. ಚಳ್ಳಕೆರೆಯಲ್ಲಿ ನವೆಂಬರ್ 20ರ ಸುತ್ತ 5:52ಕ್ಕೇ ಮುಳುಗುತ್ತಾನೆ. ಉಪಗ್ರಹದ ಗಡಿಯಾರ ಮಾತ್ರ ಸರಾಸರಿ ಸೂರ್ಯನದು (ವರ್ಷವಿಡೀ ಒಂದೇ ವೇಗದಲ್ಲಿ ಓಡುವ ಲೆಕ್ಕದ ಸೂರ್ಯ), ಅದು ಅಲ್ಲಾಡುವುದಿಲ್ಲ. ಹಾಗಾಗಿ ಮುಳುಗಿದ ಮೇಲೆ ಅರ್ಧ ಗಂಟೆ ಕತ್ತಲೆಗೆ ಬಿಟ್ಟರೂ 6:25ರಿಂದ ಏಳರವರೆಗಿನ ಪಾಸ್‌ಗಳು ನಮ್ಮವು. ಎಂಟೆಂಟು ನಿಮಿಷದ ಅಂತರದಲ್ಲಿ ಬೀಳುವ ಹಾದಿಗಳಲ್ಲಿ ಇಂಥವು 12 ದಿನಕ್ಕೆ ನಾಲ್ಕು ಸಿಗುತ್ತವೆ. ಆರೂಕಾಲರ ನಂತರ ಬರುವುದೆಲ್ಲ ನಮ್ಮ ಪಶ್ಚಿಮಕ್ಕೆ ಹಾಯುತ್ತದೆ ಎನ್ನುವುದು ನೆನಪಿರಲಿ, ತಡವಾದಷ್ಟೂ ತಗ್ಗು. 6:32ರದು ಪಶ್ಚಿಮದಲ್ಲಿ ದಿಗಂತದಿಂದ 56 ಡಿಗ್ರಿ ಎತ್ತರ ಮುಟ್ಟಿದರೆ ಏಳರದು 30 ಡಿಗ್ರಿಯನ್ನೂ ಮುಟ್ಟುವುದಿಲ್ಲ.

ಬೆಳಗ್ಗೆ ಎದ್ದೇಳುವವರಿಗೆ ಜನವರಿ ಕೊನೆ. ಆಗ ನಿಜ ಸೂರ್ಯ ಹಿಂದೆ ಬಿದ್ದಿರುತ್ತಾನೆ, ಹುಟ್ಟುವುದು 6:50 ದಾಟಿ. 6:15ರ ಸುಮಾರಿನ ಪಾಸ್‌ಗಳು ಪೂರ್ವದಲ್ಲಿ, ಈಶಾನ್ಯದ ಅಭಿಜಿತ್ ಮತ್ತು ಆಗ್ನೇಯದ ಜ್ಯೇಷ್ಠಾ ನಕ್ಷತ್ರಗಳಿಗಿಂತ ಮೇಲಿಂದ, ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತವೆ. ಆ ಹೊತ್ತಿನ ಚಳಿಯಲ್ಲಿ ಬೈನಾಕ್ಯುಲರಿನ ಗಾಜಿಗೆ ಉಸಿರು ಕಟ್ಟುತ್ತದೆ, ಮಫ್ಲರ್ ಮೂಗಿನ ಮೇಲಿಂದ ಕೆಳಗಿಳಿಸಿ.

ತಾರಸಿಯ ಮೇಲೆ

ಫೋನಿನಲ್ಲಿ ಹೆವೆನ್ಸ್-ಅಬವ್ (Heavens-Above) ಅಥವಾ ಎನ್‌ಟುವೈಓ (N2YO) ಸಾಕು. ಲ್ಯಾಪ್‌ಟಾಪ್ ಇದ್ದವರು ಆಕಾಶ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಉಪಗ್ರಹಗಳ ಪ್ಲಗಿನ್ ಆನ್ ಇದೆಯೇ ನೋಡಿ ಹೊಸ ಅಂಕಿ ತರಿಸಿಕೊಳ್ಳಬೇಕು. ಮೂರರಲ್ಲೂ ಮೊದಲು ಊರು ಸರಿಪಡಿಸಿ. ಬೆಂಗಳೂರು ಅಂತ ಬಿಟ್ಟು ಬಳ್ಳಾರಿಯಲ್ಲಿ ನೋಡಿದರೆ ನಕ್ಷತ್ರಗಳ ನಡುವಿನ ಹಾದಿ ತಪ್ಪುತ್ತದೆ. ಬರಿಗಣ್ಣಿನ ಪಟ್ಟಿಯಲ್ಲಿ ನಿಸಾರ್ ಇಲ್ಲದಿದ್ದರೆ ಎಲ್ಲ ಪಾಸ್‌ಗಳ ಪಟ್ಟಿ ಕೇಳಿ. ಮಂಕಾದವನ್ನು ಈ ತಾಣಗಳು ತಾವೇ ಜರಡಿ ಹಿಡಿದಿರುತ್ತವೆ.

ಹೊಳಪಿನ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೋಡಿದವರು ಅಂಥದ್ದೇ ದೀಪ ಹುಡುಕುತ್ತಾರೆ. ನಿಲ್ದಾಣ ನೂರು ಮೀಟರಿಗೂ ಅಗಲ, ಸುಮಾರು 420 ಕಿ.ಮೀ. ಎತ್ತರದಲ್ಲಿದೆ. ನಿಸಾರ್ ಅದಕ್ಕಿಂತ ಎಷ್ಟೋ ಸಣ್ಣದು, ಹೆಚ್ಚುಕಡಿಮೆ ಎರಡು ಪಟ್ಟು ದೂರ. ಮೇಲಾಗಿ ಪಶ್ಚಿಮದ ಪಾಸ್‌ನಲ್ಲಿ ಬಿಸಿಲು ಅದರ ಆಚೆ ಮಗ್ಗುಲಿಗೆ ಬೀಳುತ್ತದೆ, ನಮ್ಮತ್ತ ಇರುವುದು ನೆರಳಿನ ಮಗ್ಗುಲು. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. 7x50 ಇಲ್ಲವೇ 10x50 (ಮೊದಲ ಅಂಕಿ ವರ್ಧನೆ, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ). ಹೆಚ್ಚು ವರ್ಧನೆಯದು ಬೇಡ, ಕೈ ನಡುಗಿ ಏನೂ ಕಾಣುವುದಿಲ್ಲ. ಅನುಭವ ಇಲ್ಲದವರು ಮೊದಲು ಬಾಹ್ಯಾಕಾಶ ನಿಲ್ದಾಣವನ್ನೇ ಹಿಡಿದು ಕೈ ಪಳಗಿಸಿಕೊಳ್ಳಿ.

ನವೆಂಬರಿನ ಒಂದು ಸಂಜೆ ಹೀಗೆ ಮಾಡಿ. ಹತ್ತು ನಿಮಿಷ ಮೊದಲೇ ಮೇಲೆ ಹೋಗಿ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ಕೂತುಕೊಳ್ಳಿ. ಒರಗು ಇಲ್ಲದಿದ್ದರೆ ಕೈ ನಿಲ್ಲದು. ಆರೂವರೆಗೆ ಪಶ್ಚಿಮದಲ್ಲಿ, ದಿಗಂತದಿಂದ ನೆತ್ತಿಯ ಕಡೆಗೆ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ಒಂಟಿಯಾಗಿ ಮೊದಲು ಕಾಣುವುದು ಶ್ರವಣ. ಅದರ ಬಲಕ್ಕೆ, ವಾಯವ್ಯದಲ್ಲಿ ಅದಕ್ಕಿಂತ ಪ್ರಕಾಶವಾದದ್ದು ಅಭಿಜಿತ್. ಇನ್ನೂ ಬಲಕ್ಕೆ ಉತ್ತರದ ಕಡೆ ಡೆನೆಬ್. ಈ ಮೂರು ಸಿಕ್ಕಿದರೆ ನಕ್ಷೆ ಸಿಕ್ಕಂತೆ. 6:32ರಂಥ ಪಾಸ್ ದಕ್ಷಿಣದಿಂದ ಎದ್ದು ಶ್ರವಣದ ಹತ್ತಿರ ತನ್ನ ಪೂರ್ತಿ ಎತ್ತರ ಮುಟ್ಟಿ, ಅಭಿಜಿತ್ ಕಡೆ ಸಾಗುತ್ತದೆ.

ಉಪಗ್ರಹವನ್ನು ಆಕಾಶದ ತುಂಬ ಅಟ್ಟಿಸಿಕೊಂಡು ಹೋಗಬೇಡಿ. ಬೈನಾಕ್ಯುಲರನ್ನು ಶ್ರವಣದ ಮೇಲೆ ಇಟ್ಟು ಸುಮ್ಮನೆ ಕಾಯಿರಿ. ಅಷ್ಟು ಎತ್ತರದಲ್ಲಿ ಅದು ಸೆಕೆಂಡಿಗೆ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತದೆ. 10x50ರ ನೋಟ ಆರೂವರೆ ಡಿಗ್ರಿ ಇರುತ್ತದೆ. ಎಡಗಡೆಯಿಂದ ಒಂದು ಚುಕ್ಕಿ ಒಳಗೆ ಬಂದರೆ ನಿಮಗೆ ಹದಿಮೂರು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಅದರ ಜೊತೆ ಕೈ ಸರಿಸುತ್ತಾ ಹೋದರೆ ಮತ್ತೆ ಎರಡು ಮೂರು ನಿಮಿಷ ಹಿಂಬಾಲಿಸಬಹುದು.

ಕಂಡದ್ದು ಅದೇನಾ? ಮಿನುಗಿದರೆ, ಕೆಂಪು ಹಸಿರು ಇದ್ದರೆ ವಿಮಾನ. ನಮ್ಮ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವೇ ಇದೆ, ಆಕಾಶದಲ್ಲಿ ಏನು ಕಂಡರೂ ಮಕ್ಕಳಿಗೆ ಅದು ಡ್ರೋನು. ನಿಗಿನಿಗಿ ಒಂದೇ ಸಮ ಬೆಳಕಿದ್ದು ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ಹೆಚ್ಚಾಗಿ ಸ್ಟಾರ್‌ಲಿಂಕ್ ಜಾತಿ. ದಕ್ಷಿಣದಿಂದ ಉತ್ತರಕ್ಕೆ, ತುಸು ಎಡಕ್ಕೆ ವಾಲಿ ಹೋದರೆ ಧ್ರುವ ಕಕ್ಷೆಯದು. ಆದರೂ ಅದೇ ನಿಸಾರ್ ಅಂತ ಹೇಳಲು ದಿಕ್ಕು ಸಾಲದು, ಗಡಿಯಾರ ಬೇಕು.

ಸೆಕೆಂಡು ಹಿಡಿಯುವುದು

ಬರೀ ನೋಡುವುದಕ್ಕೂ ಹಿಂಬಾಲಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎರಡು ನಕ್ಷತ್ರ ಆರಿಸಿಕೊಳ್ಳಿ, ನಡುವೆ ದಾರ ಎಳೆದಂತೆ ಊಹಿಸಿಕೊಳ್ಳಿ. ಚುಕ್ಕಿ ಆ ದಾರ ದಾಟಿದ ಕ್ಷಣ ಫೋನಿನ ಸ್ಟಾಪ್‌ವಾಚ್‌ನ ಲ್ಯಾಪ್ ಒತ್ತಿ. ಶ್ರವಣದ ಎರಡು ಪಕ್ಕದಲ್ಲಿ ಎರಡು ಚಿಕ್ಕ ನಕ್ಷತ್ರ ಒಂದೇ ಗೆರೆಯಲ್ಲಿವೆ, ಬೈನಾಕ್ಯುಲರಿಗೆ ಮೂರೂ ಒಟ್ಟಿಗೆ ಸಿಗುತ್ತವೆ. ನಾನು ಬಳಸುವುದು ಆ ಗೆರೆಯನ್ನೇ. ಸ್ಟಾಪ್‌ವಾಚನ್ನು ನೆಟ್‌ವರ್ಕಿನ ಗಡಿಯಾರಕ್ಕೆ ಸರಿಯಾಗಿ ನಿಮಿಷದ ಆರಂಭಕ್ಕೆ ಶುರು ಮಾಡಿರಬೇಕು. ಗೋಡೆ ಗಡಿಯಾರ, ಕೈಗಡಿಯಾರ ಇಲ್ಲಿ ನಡೆಯುವುದಿಲ್ಲ.

ಕೆಳಗೆ ಬಂದು ಸ್ಟೆಲೇರಿಯಂನಲ್ಲಿ ಅದೇ ಸಂಜೆಯನ್ನು ಮತ್ತೆ ಓಡಿಸಿ, ಚುಕ್ಕಿ ಆ ಗೆರೆ ದಾಟುವ ಸಮಯ ಓದಿಕೊಳ್ಳಿ. ಉಪಗ್ರಹದ ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ. ಲೆಕ್ಕಕ್ಕಿಂತ ಎರಡು ಸೆಕೆಂಡು ತಡವಾದರೆ ಹಾದಿಯಲ್ಲಿ 15 ಕಿ.ಮೀ. ಹಿಂದಿದೆ ಎಂದಾಯಿತು. ಕೈಯ ತಡವೇ ಕಾಲು ಸೆಕೆಂಡು ಇರುತ್ತದೆ, ಅದನ್ನು ಬಿಡಿ. ಒಂದು ಸೆಕೆಂಡಿನ ಒಳಗೆ ಹೊಂದಿದರೆ ನೀವು ನೋಡಿದ್ದು ನಿಸಾರ್ ಎಂದು ಬರೆದುಕೊಳ್ಳಿ. ನಿಮಿಷ ವ್ಯತ್ಯಾಸವಾದರೆ ಬೇರೆ ಯಾವುದೋ. ಮೂರು ನಾಲ್ಕು ಸೆಕೆಂಡು ವ್ಯತ್ಯಾಸ ಬಂದರೆ ಮಜಾ: ಒಂದೋ ನಿಮ್ಮ ಟಿಎಲ್‌ಇ ಹಳಸಿದೆ, ಇಲ್ಲವೇ ಅಂಕಿ ಬಂದ ನಂತರ ಉಪಗ್ರಹದ ಎಂಜಿನ್ ಉರಿಸಿದ್ದಾರೆ. ಮರುದಿನದ ಹೊಸ ಸಾಲು ಇಳಿಸಿ, ದಿನದ ಸುತ್ತಿನ ಅಂಕಿಯನ್ನು ಹಿಂದಿನದರ ಜೊತೆ ಹೋಲಿಸಿ. ಮೆಟ್ಟಿಲಿನಂತೆ ಜಿಗಿದಿದ್ದರೆ ಎಂಜಿನ್, ಮೆಲ್ಲಗೆ ಏರಿದ್ದರೆ ಮೇಲಿನ ತೆಳು ಗಾಳಿಯ ಘರ್ಷಣೆ.

ಅದು ನಮ್ಮನ್ನು ನೋಡುವ ಪಾಸ್

ನಮ್ಮಣ್ಣನಿಗೆ ಇದ್ಯಾವುದೂ ಬೇಡ. ಶೇಂಗಾ ಬೆಳೆಯುವವನು, ಪೇಪರಿನಲ್ಲಿ ಓದಿ ಒಂದೇ ಪ್ರಶ್ನೆ ಕೇಳಿದ: "ತಂಗೀ, ಅದು ಮಣ್ಣಿನ ತೇವ ನೋಡ್ತದಂತಲ್ಲ, ನಮ್ಮ ಹೊಲ ನೋಡೋದು ಯಾವತ್ತು?"

ನೆತ್ತಿಯ ಮೇಲೆ ಬಂದ ದಿನ ಅಂತ ಉತ್ತರ ಕೊಡಬೇಡಿ. ರಾಡಾರ್ ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ನಿಸಾರ್ ಸದಾ ತನ್ನ ಎಡಕ್ಕೇ ನೋಡುತ್ತದೆ. ಅದರ ಕಿರಣ ನೆಲದ ಮೇಲಿನ ಲಂಬಕ್ಕೆ 34ರಿಂದ 48 ಡಿಗ್ರಿ ಕೋನದಲ್ಲಿ ಬಂದು ಬೀಳುತ್ತದೆ, 240 ಕಿ.ಮೀ. ಅಗಲದ ಪಟ್ಟಿ. ಇದನ್ನು ಹೊಲದಲ್ಲಿ ನಿಂತವನ ಕಣ್ಣಿಗೆ ತಿರುಗಿಸಿ: 90ರಿಂದ ಕಳೆದರೆ 56ರಿಂದ 42. ಉಪಗ್ರಹ ಅಣ್ಣನಿಗೆ 42ರಿಂದ 56 ಡಿಗ್ರಿ ಎತ್ತರದಲ್ಲಿ ಹಾಯುವ ದಿನ, ಅವನು ಅದರ ಎಡಕ್ಕೆ ಇದ್ದರೆ, ಹೊಲ ಚಿತ್ರದಲ್ಲಿ ಬೀಳುತ್ತದೆ. ಸಂಜೆ ಉತ್ತರಕ್ಕೆ ಹೋಗುವಾಗ ಎಡ ಅಂದರೆ ಪಶ್ಚಿಮ. ಆದ್ದರಿಂದ ಉಪಗ್ರಹ ಹೊಲದ ಪೂರ್ವಕ್ಕಿರಬೇಕು. ಬೆಳಗ್ಗೆ ದಕ್ಷಿಣಕ್ಕೆ ಇಳಿಯುವಾಗ ಎಡ ಅಂದರೆ ಪೂರ್ವ, ಉಪಗ್ರಹ ಪಶ್ಚಿಮಕ್ಕಿರಬೇಕು.

ಆ್ಯಪ್‌ನ ಪಟ್ಟಿಯಲ್ಲಿ 12 ದಿನದ ಸಂಜೆ ಪಾಸ್‌ಗಳನ್ನು ತೆಗೆದು, ಪೂರ್ವದಲ್ಲಿ ಈ ಎತ್ತರ ಮುಟ್ಟುವುದನ್ನು ಹುಡುಕಿ. ಒಂದು ಸಿಗುತ್ತದೆ, ಕೆಲವು ಊರಿಗೆ ಎರಡು. ನಮ್ಮಲ್ಲಿ ಅದರ ಹೊತ್ತು 5:48ರಿಂದ 5:58ರ ಒಳಗೆ. ಬೆಳಗಿನದು 6:49ರಿಂದ 6:59ರ ಒಳಗೆ. ಈ ಸಮಯಗಳನ್ನು ಮೇಲೆ ಹೇಳಿದ ನವೆಂಬರಿನ ಮುಳುಗು, ಜನವರಿಯ ಹುಟ್ಟಿನ ಪಕ್ಕ ಇಟ್ಟು ನೋಡಿ. ವರ್ಷದಲ್ಲೇ ಒಳ್ಳೆಯ ತಿಂಗಳಲ್ಲೂ ಆಕಾಶ ಬೆಳ್ಳಗಿರುವ ಹೊತ್ತು. ಅದು ನಮ್ಮನ್ನು ನೋಡುವ ಪಾಸ್ ನಮಗೆ ಕಾಣುವುದಿಲ್ಲ, ನಮಗೆ ಕಾಣುವ ಸಂಜೆಯ ಪಾಸ್‌ನಲ್ಲಿ ಅದು ಅರಬ್ಬಿ ಸಮುದ್ರದ ಕಡೆ ಮುಖ ಮಾಡಿರುತ್ತದೆ. ಅಣ್ಣನಿಗೆ ಇದನ್ನು ಹೇಳಿದಾಗ, "ನಮ್ಮ ಊರಿನ ಅಧಿಕಾರಿಗಳ ಹಾಗೆ" ಅಂದ.

ಆ ತಾರೀಕನ್ನು ಕ್ಯಾಲೆಂಡರಿಗೆ ಬೇರೆ ಬಣ್ಣದಲ್ಲಿ ಹಾಕಿ, 12 ಕೂಡುತ್ತಾ ಹೋಗಿ. ಅವತ್ತು ಹೊಲದ ಸ್ಥಿತಿ ಬರೆದಿಡುವುದು ಒಳ್ಳೆಯದು: ಮಳೆ ಬಿದ್ದು ಎಷ್ಟು ದಿನ, ಬೆಳೆ ಎಷ್ಟೆತ್ತರ, ಉತ್ತಿದ್ದೋ ಬಿಟ್ಟದ್ದೋ. ನಿಸಾರ್‌ನ ಎರಡು ರಾಡಾರ್‌ಗಳಲ್ಲಿ ಎಲ್ ಬ್ಯಾಂಡ್ ನಾಸಾದ್ದು, ಎಸ್ ಬ್ಯಾಂಡ್ ಇಸ್ರೋದ್ದು. ಉದ್ದ ತರಂಗದ ಎಲ್ ಬ್ಯಾಂಡ್ ಎಲೆ, ಕಾಂಡಗಳನ್ನು ದಾಟಿ ಹೆಚ್ಚು ಒಳಕ್ಕೆ ಹೋಗುತ್ತದೆ. ನಾಸಾ ಕಡೆಯ ಮಾಹಿತಿಯನ್ನು ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ತಾಣದಲ್ಲಿ, ಇಸ್ರೋ ಕಡೆಯದನ್ನು ಭೂನಿಧಿ ತಾಣದಲ್ಲಿ ಹುಡುಕಬೇಕು. ಹುಡುಕುವಾಗ ಊರಿನ ಚೌಕ ಎಳೆದು ನಿಮ್ಮ ತಾರೀಕು ಕೊಡಿ, ಏರುವ ಹಾದಿಯೋ ಇಳಿಯುವ ಹಾದಿಯೋ ಆರಿಸಿ. ಸಂಜೆಯ ಚಿತ್ರದ ಪಕ್ಕ ಬೆಳಗಿನದನ್ನು ಇಟ್ಟು ಹೋಲಿಸಬೇಡಿ, ಒಂದನ್ನು ಪೂರ್ವದಿಂದ ನೋಡಿದ್ದು, ಇನ್ನೊಂದನ್ನು ಪಶ್ಚಿಮದಿಂದ. ಚಿತ್ರದುರ್ಗದ ಗುಡ್ಡಗಳು ಒಂದರಲ್ಲಿ ಈ ಕಡೆ ವಾಲಿದರೆ ಇನ್ನೊಂದರಲ್ಲಿ ಆ ಕಡೆ ವಾಲಿರುತ್ತವೆ. ಕಡತಗಳು ದೊಡ್ಡವು, ಫೋನಿನ ಡೇಟಾದಲ್ಲಿ ಇಳಿಸಲು ಕೂರಬೇಡಿ. ತೆರೆಯಲು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಆಗುತ್ತದೆ, ಅದೂ ಪುಕ್ಕಟೆ.